ದಾರದಕ್ಕನ ಹಲಗೆ

ದಾರದಕ್ಕನ ತಮ್ಮನ ಬಲಗೈ ಬೆರಳುಗಳನ್ನು ಮುರಿದದ್ದು ಒಂದು ಕಬ್ಬಿಣದ ಬೀರು. ಗಾರ್ಡ್ ರೂಮಿನ ಮೂಲೆಯಲ್ಲಿ ಹಸಿರು ಬಣ್ಣ ಬಳಿದು ನಿಲ್ಲಿಸಿದ್ದ ಬೀರು. ಬಾಗಿಲ ಸಂದಿಗೆ ಕೈ ಇಡಿಸಿ ಇಬ್ಬರು ಭುಜ ಒತ್ತಿ ಹಿಡಿದರು, ಮೂರನೆಯವನು ಬಾಗಿಲು ಒದ್ದ. ಒಂದೇ ಒದೆತಕ್ಕೆ ನಾಲ್ಕು ಬೆರಳು. ಚಳವಳಿಯ ಬಗ್ಗೆ ಬರೆಯುವ ನಮ್ಮ ಜನ ಮೊದಲು ರಕ್ತ ತೋರಿಸಿ ಆಮೇಲೆ ಘೋಷಣೆ ಕೂಗುತ್ತಾರೆ. ಇಲ್ಲಿ ಘೋಷಣೆಗೆ ಜಾಗವಿಲ್ಲ. ಆ ಕೈ ಆ ಸಂದಿಗೆ ಹೋಗಲು ಕಾರಣ ಅಕ್ಕನೇ, ಅವಳು ಹದಿನೆಂಟು ವರ್ಷ ಮೊಳೆಯಿಂದ ಮೊಳೆಗೆ ಕಟ್ಟಿದ ದಾರವೇ. ಇದು ಅವಳೇ ಹೇಳಿದ ಮಾತು.

ಅವಳ ಅಪ್ಪ ಮಣ್ಣು-ನೀರಿನ ಸಂಶೋಧನಾ ಸಂಸ್ಥೆಯಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುತ್ತಿದ್ದ. ಲೈಬ್ರರಿಯ ಹಿಂದೆ ತಗಡಿನ ಶೆಡ್ಡು, ಅದರಲ್ಲಿ ಅಂಟಿನ ಬಕೆಟ್ಟು, ದಬ್ಬಳ, ಬಿಳಿ ದಾರದ ಉಂಡೆ, ಕಾಗದ ಕತ್ತರಿಸುವ ಉದ್ದ ಹಿಡಿಯ ಯಂತ್ರ. ಅಂಟಿನ ವಾಸನೆ ಕುಡಿದು ಕುಡಿದು ಕೆಮ್ಮಿ ಸತ್ತ. ಆಗ ಮಗಳಿಗೆ ಹತ್ತೊಂಬತ್ತು, ಮಗನಿಗೆ ಒಂಬತ್ತು. ತಾಯಿ ಅದಕ್ಕೂ ಮೊದಲೇ ಹೋಗಿದ್ದಳು. ಅಪ್ಪನ ಜಾಗಕ್ಕೆ ಮಗಳನ್ನು ತೆಗೆದುಕೊಂಡರು. ಮೊದಲು ಶೆಡ್ಡಿನಲ್ಲಿ, ಆಮೇಲೆ ಅಕ್ಷರ ದುಂಡಗಿದೆಯೆಂದು ಲೈಬ್ರರಿಯ ಕೌಂಟರಿನಲ್ಲಿ.

ನಡುವೆ ಹನ್ನೊಂದು ತಿಂಗಳು ಮದುವೆಯಾಗಿದ್ದಳು. ಗಂಡ ಸೌಟು ತೆಗೆದುಕೊಂಡು ಬೆನ್ನಿಗೆ ಬಾರಿಸಿದ ದಿನ ಇವಳು ಇಸ್ತ್ರಿಪೆಟ್ಟಿಗೆ ಎತ್ತಿ ಅವನ ಪಾದದ ಮೇಲೆ ಬಿಟ್ಟಳು. ಬಿಸಿ ಇತ್ತಾ ಎಂದು ಯಾರಾದರೂ ಕೇಳಿದರೆ, “ತಣ್ಣಗಿದ್ದಿದ್ರೆ ಅವನಿಗೆ ವಿಷಯ ಮುಟ್ತಿರ್ಲಿಲ್ಲ” ಎನ್ನುತ್ತಿದ್ದಳು. ಅಲ್ಲಿಗೆ ಆ ಸಂಸಾರ ಮುಗಿಯಿತು. ತಮ್ಮನನ್ನು ಕಟ್ಟಿಕೊಂಡು ನೀರಿನ ಟ್ಯಾಂಕಿನ ಹಿಂದಿನ ಎರಡು ಕೋಣೆಯ ಕ್ವಾರ್ಟರ್ಸಿಗೆ ವಾಪಸಾದಳು. ಅವನಿಗೆ ಅನ್ನ ಹಾಕಿದಳು, ಮೂಗು ಒರೆಸಿದಳು, ಲೆಕ್ಕ ತಪ್ಪಿದಾಗ ತಲೆಗೆ ಮೊಟಕಿದಳು. ದೊಡ್ಡವನಾದ ಮೇಲೆ ಅದೇ ಸಂಸ್ಥೆಯಲ್ಲಿ ಕೆಲಸಕ್ಕೆ ಹಚ್ಚಿದಳು.

ತಮ್ಮನದು ಲೋಹ ಅಳೆಯುವ ಯಂತ್ರ. ಒಂದು ಹನಿ ನೀರು, ಒಂದು ಚಿಟಿಕೆ ಮಣ್ಣು ಕೊಟ್ಟರೆ ಅದರಲ್ಲಿ ಸೀಸ ಎಷ್ಟು, ತಾಮ್ರ ಎಷ್ಟು ಎಂದು ಹೇಳುವ ಯಂತ್ರ. ಇಡೀ ಸಂಸ್ಥೆಗೆ ಅದೊಂದೇ, ಅದನ್ನು ನಡೆಸಬಲ್ಲವನು ಇವನೊಬ್ಬನೇ. ಅದರ ಗುಂಡಿಗಳನ್ನು ಕೂದಲೆಳೆಯಷ್ಟು ತಿರುಗಿಸಬೇಕು. ಆ ಸೂಕ್ಷ್ಮ ಅವನ ಬೆರಳ ತುದಿಯಲ್ಲಿತ್ತು. ಜನ ಅವನನ್ನು ‘ಮಿಷನ್’ ಎಂದೇ ಕರೆಯುತ್ತಿದ್ದರು. ಹಳೆಯ ಸುತ್ತೋಲೆಯೊಂದಿತ್ತು: ಯಾರ ಮಾದರಿ ಆ ಯಂತ್ರದಲ್ಲಿ ಅಳೆದರೂ ಅವರ ಪ್ರಬಂಧದಲ್ಲಿ ಯಂತ್ರ ನಡೆಸಿದವನ ಹೆಸರನ್ನೂ ಹಾಕಬೇಕು. ಹಾಗಾಗಿ ಹದಿನಾಲ್ಕು ವರ್ಷದಲ್ಲಿ ಇನ್ನೂರ ಹನ್ನೆರಡು ಪ್ರಬಂಧಗಳಲ್ಲಿ ಅವನ ಹೆಸರು ಅಚ್ಚಾಗಿತ್ತು. ಒಂದನ್ನೂ ಓದಿದವನಲ್ಲ. ಹೊಸ ಸಂಚಿಕೆ ಬಂದಾಗ ಲೈಬ್ರರಿಗೆ ಬಂದು, “ಅಕ್ಕ, ನನ್ನ ಹೆಸರು ಸರಿಯಾಗಿ ಹಾಕಿದ್ದಾರಾ ನೋಡು, ಸಾಕು” ಎಂದು ಕೇಳಿ ಹೊರಟುಬಿಡುತ್ತಿದ್ದ.

ಹಲಗೆಯ ಆಲೋಚನೆ ಅವಳದಲ್ಲ. ಹಿಂದಿದ್ದ ನಿರ್ದೇಶಕರಿಗೆ ಸಂಸ್ಥೆ ನೋಡಲು ಬರುವ ದೊಡ್ಡ ಮನುಷ್ಯರ ಮುಂದೆ ಏನಾದರೊಂದು ತೋರಿಸಬೇಕಿತ್ತು. ಲೈಬ್ರರಿಯ ಹಿಂಗೋಡೆಗೆ ಹದಿಮೂರು ಅಡಿ ಉದ್ದದ ಹಲಗೆ ಹೊಡೆಸಿದರು. ಒಬ್ಬೊಬ್ಬ ಸಂಶೋಧಕನಿಗೆ ಒಂದು ಮೊಳೆ, ಮೊಳೆಯ ಕೆಳಗೆ ಹೆಸರಿನ ಚೀಟಿ. ಇಬ್ಬರು ಸೇರಿ ಒಂದು ಪ್ರಬಂಧ ಬರೆದರೆ ಆ ಎರಡು ಮೊಳೆಗಳ ನಡುವೆ ಒಂದೆಳೆ ದಾರ. ಐದು ಜನ ಬರೆದರೆ ಐವರ ಮೊಳೆಗಳಿಗೂ ಒಂದರಿಂದೊಂದಕ್ಕೆ ದಾರ. ರಟ್ಟು ಹೊಲಿಯುವ ಬಿಳಿ ದಾರವೇ, ಬೇರೆ ಬಣ್ಣವಿಲ್ಲ. ಆ ನಿರ್ದೇಶಕರು ವರ್ಗವಾಗಿ ಹೋದರು, ಹಲಗೆಯನ್ನು ಎಲ್ಲರೂ ಮರೆತರು. ಇವಳು ಮರೆಯಲಿಲ್ಲ. ವಾರಕ್ಕೊಮ್ಮೆ ಏಣಿ ಹತ್ತಿ ಕಟ್ಟುತ್ತಲೇ ಹೋದಳು. ದಾರದಕ್ಕ ಎಂಬ ಹೆಸರು ಬಿದ್ದದ್ದು ಹಾಗೆ.

ಅವಳದೊಂದು ಕಟ್ಟುನಿಟ್ಟು: ಕಟ್ಟಿದ ದಾರ ಬಿಚ್ಚುವಂತಿಲ್ಲ. ಅಚ್ಚಾದದ್ದು ಅಚ್ಚಾಯಿತು, ಸತ್ತವನು ಬರೆದದ್ದೂ ಬರೆದದ್ದೇ. ಅದರಿಂದ ಹಲಗೆಯ ಮೇಲೆ ಹದಿನೆಂಟು ವರ್ಷಗಳು ಒಂದರ ಮೇಲೊಂದು ಕೂತಿದ್ದವು. ಹತ್ತು ವರ್ಷದಿಂದ ಮುಖ ನೋಡದವರ ನಡುವೆಯೂ ಹಗ್ಗದಷ್ಟು ದಪ್ಪದ ಎಳೆಗಳು. ಯಾವ ದಾರ ಯಾವ ವರ್ಷದ್ದು ಎಂಬುದು ಗೊತ್ತಾಗುತ್ತಿದ್ದದ್ದು ಅವಳ ರಿಜಿಸ್ಟರಿನಲ್ಲಿ ಮಾತ್ರ. ಪ್ರತಿ ವರ್ಷದ ಕೊನೆಗೆ ಆ ವರ್ಷದ ದಾರಗಳನ್ನಷ್ಟೇ ಒಂದು ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದಳು. ಹಾಳೆಗಳನ್ನು ಒಂದಾದ ಮೇಲೊಂದು ತಿರುವಿದರೆ ಗುಂಪುಗಳು ಹುಟ್ಟುವುದು, ಕೊಬ್ಬುವುದು, ಸೀಳುವುದು, ಒಣಗುವುದು ಎಲ್ಲ ಕಾಣುತ್ತಿತ್ತು.

ಉದಾಹರಣೆಗೆ ಮಣ್ಣಿನ ವಿಭಾಗದ ಇಬ್ಬರು ಪ್ರೊಫೆಸರುಗಳು. ಜನ ಅವರನ್ನು ಹಿರೇಮಣ್ಣು, ಕಿರಿಮಣ್ಣು ಎನ್ನುತ್ತಿದ್ದರು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಂತಿದ್ದರು. ಒಂದು ಮಧ್ಯಾಹ್ನ ಪ್ರಯೋಗಾಲಯದಲ್ಲಿ, ಯಾರ ಹೆಸರು ಮೊದಲು ಬರಬೇಕು ಎಂಬ ಮಾತು ಬೆಳೆದು, ಕಿರಿಮಣ್ಣು ಗಾಜಿನ ಕೊಳವೆ ನಿಲ್ಲಿಸುವ ಕಬ್ಬಿಣದ ಸಲಾಕೆ ಕಿತ್ತು ಹಿರೇಮಣ್ಣಿನ ಕೆನ್ನೆಗೆ ಬೀಸಿದ. ಕೆನ್ನೆಯ ಮೂಳೆ ಒಳಕ್ಕೆ ಹೋಯಿತು, ಎರಡು ಹಲ್ಲು ಸಿಂಕಿನಲ್ಲಿ ಸಿಕ್ಕಿದವು. ಸಂಸ್ಥೆಗೆ ಸಂಸ್ಥೆಯೇ ಬೆಚ್ಚಿಬಿತ್ತು. ಕಿರಿಮಣ್ಣು ಕೈಗೆ ಪಟ್ಟಿ ಸುತ್ತಿಕೊಂಡು ಪುಸ್ತಕ ಹಿಂತಿರುಗಿಸಲು ಬಂದಾಗ ದಾರದಕ್ಕ ತಲೆ ಎತ್ತದೆ ಹೇಳಿದಳು, “ನೀವು ಹೊಡೆದಾಡಿದ್ದು ಎರಡು ವರ್ಷ ಲೇಟು ಸರ್.”

“ಏನಂದ್ರಿ?”

“ನಿಮ್ಮಿಬ್ಬರ ಮಧ್ಯ ವರ್ಷಕ್ಕೆ ಹದಿನೆಂಟು ದಾರ ಕಟ್ತಿದ್ದೆ. ಆಮೇಲೆ ಒಂಬತ್ತಾಯ್ತು. ಹೋದ್ವರ್ಷ ಎರಡು. ನೀವು ಬೇರೆ ಆಗಿ ಬಹಳ ದಿನ ಆಯ್ತು, ನಿಮಗೇ ಗೊತ್ತಿರ್ಲಿಲ್ಲ.”

ಆ ಹೊಡೆದಾಟದ ನಂತರ ಇಬ್ಬರ ಶಿಷ್ಯರೂ ಬೀದಿಪಾಲಾದರು. ಆ ಕಡೆಯವರು ಈ ಕಡೆಯವರ ಜೊತೆ ಮಾತಾಡಿದರೆ ಬಾಗಿಲ ಹೊರಗೆ. ನೆಲಮಾಳಿಗೆಯ ನೀರಿನ ವಿಭಾಗದಲ್ಲಿ ಒಬ್ಬ ಹುಡುಗಿ ಇದ್ದಳು. ಸಣ್ಣ ಮೈ, ಸಣ್ಣ ದನಿ, ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಮೊದಲ ವರ್ಷ ಅವಳ ಮೊಳೆಯಿಂದ ಕಿರಿಮಣ್ಣಿನ ಒಬ್ಬ ಶಿಷ್ಯನಿಗೆ ಒಂದು ದಾರ ಹೋಯಿತು. ಎರಡನೇ ವರ್ಷ ಹಿರೇಮಣ್ಣಿನ ಕಡೆಯವರಿಗೂ ಸೇರಿ ಐದು. ಮೂರನೇ ವರ್ಷ ಊರ ಆಸ್ಪತ್ರೆಯ ರಕ್ತಪರೀಕ್ಷೆಯ ಡಾಕ್ಟರಿಗೆ ಹಲಗೆಯ ಅಂಚಿನಲ್ಲಿ ಹೊಸ ಮೊಳೆ ಹೊಡೆಯಬೇಕಾಯಿತು. ಮಣ್ಣಿನಿಂದ ಕಿತ್ತುಬಂದವರು, ನೀರಿನವರು, ಒಬ್ಬ ಡಾಕ್ಟರು, ಒಟ್ಟು ಹನ್ನೊಂದು ಜನ. ತಾವೊಂದು ಗುಂಪು ಎಂದು ಅವರಿಗೇ ಅರಿವಿಲ್ಲದಾಗ ದಾರದಕ್ಕನ ಹಾಳೆಯ ಮೇಲೆ ಅವರು ಜೇನುಗೂಡಿನ ಹಾಗೆ ಮೆತ್ತಿಕೊಂಡಿದ್ದರು. ನಟ್ಟನಡುವೆ ಗುಬ್ಬಿ. ಉಳಿದವರು ಒಬ್ಬರಿಗೊಬ್ಬರು ಸಿಕ್ಕಿದ್ದೇ ಅವಳ ಮೂಲಕ.

ಆ ಹನ್ನೊಂದು ಜನ ಹೊಳೆದಂಡೆಯ ಲೋಹಲೇಪನದ ಕಾರ್ಖಾನೆಯ ಬಗ್ಗೆ ಬರೆದರು. ಹೊಳೆಯಲ್ಲಿ ಸೀಸ, ಹೊಳೆಯ ಮಣ್ಣಿನಲ್ಲಿ ಸೀಸ, ಕೆಳದಂಡೆಯ ಮಕ್ಕಳ ರಕ್ತದಲ್ಲಿ ಸೀಸ. ಹೆಸರುಗಳು ಅಕಾರಾದಿಯಲ್ಲಿ ಇದ್ದವು, ಯಾರು ಮೇಲು ಯಾರು ಕೆಳಗು ಎಂಬುದಿಲ್ಲ. ಹನ್ನೆರಡನೆಯ ಹೆಸರು, ಸುತ್ತೋಲೆಯ ಪ್ರಕಾರ, ಮಿಷನ್. ಈಗಿನ ನಿರ್ದೇಶಕ ಆ ಕಾರ್ಖಾನೆಯ ಸಲಹಾ ಸಮಿತಿಯಲ್ಲಿದ್ದ. ಪ್ರಬಂಧ ತಡೆಹಿಡಿದು ನೆಲಮಾಳಿಗೆಗೆ ಬೀಗ ಜಡಿಸಿದ. ಮಾರನೇ ದಿನ ಹನ್ನೊಂದು ಜನ ಗೇಟಿನ ಮುಂದೆ ಕೂತರು. ಅವರ ಹಿಂದೆ ತೋಟದ ಮಾಲಿಗಳು, ಡ್ರೈವರುಗಳು, ಗುಡಿಸುವವರು ತಮ್ಮ ತಮ್ಮ ಹಳೆ ಸಿಟ್ಟು ಹೊತ್ತುಕೊಂಡು ಬಂದರು. ಕೆಳದಂಡೆಯ ತಾಯಂದಿರು ಬಂದರು. ನಮ್ಮಂಥ ಹೊರಗಿನವರೂ ಬಂದೆವು.

ಒಂಬತ್ತನೇ ದಿನ ಲಾಠಿ ಬಿತ್ತು. ಒಬ್ಬ ಮುದಿ ಮಾಲಿಯ ಬುರುಡೆ ಒಡೆದು ಅವನ ಬಿಳಿ ಕೂದಲು ಕೆಂಪಾದದ್ದನ್ನು, ಅವನು ಅದನ್ನು ಕೈಯಿಂದ ಮುಟ್ಟಿ ನೋಡಿ “ಥೂ, ಬೆಳಗ್ಗೆ ತಾನೆ ತಲೆ ತೊಳ್ದಿದ್ದೆ” ಎಂದು ಬೈದು ಕುಸಿದದ್ದನ್ನು ನಾನು ಮೂರು ಮಾರು ದೂರದಿಂದ ನೋಡಿದೆ. ಹದಿನಾರನೇ ದಿನ ಕಲ್ಲು ಬಿತ್ತು. ಕಲ್ಲು ಬಂದದ್ದು ನಮ್ಮ ಕಡೆಯಿಂದ. ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅದು ಒಬ್ಬ ಎಳೆಯ ಗಾರ್ಡಿನ ಎಡಗಣ್ಣು ತೆಗೆಯಿತು. ಅವನು ಭದ್ರತಾ ಮುಖ್ಯಸ್ಥನ ಅಕ್ಕನ ಮಗ. ಆ ಮುಖ್ಯಸ್ಥ ಸೊಂಟದ ಬೆಲ್ಟ್ ಬಿಚ್ಚಿ ಬಾರಿಸುವುದಕ್ಕೆ ಹೆಸರಾದವನು, ಜನ ಅವನನ್ನು ಬೆಲ್ಟು ಎಂದೇ ಕರೆಯುತ್ತಿದ್ದರು. ಅಕ್ಕನ ಮಗನನ್ನು ಆಸ್ಪತ್ರೆಗೆ ಸೇರಿಸಿ ಬಂದವನು ಅಂದೇ ಹೇಳಿದನಂತೆ, “ಕಲ್ಲು ಹೊಡೆದ ಕೈ ಬೇಡ ನನಗೆ. ತಲೆ ಬೇಕು.”

ತಲೆ ಸಿಗಲಿಲ್ಲ. ಹನ್ನೊಂದರಲ್ಲಿ ನಾಲ್ವರು ಕೈಗೆ ಸಿಕ್ಕಿ, ಚರ್ಮ ಸುಲಿಯುವಷ್ಟು ತಿಂದು, “ನಮ್ಮಲ್ಲಿ ನಾಯಕ ಅಂತ ಯಾರೂ ಇಲ್ಲ” ಎಂದರು. ಉಳಿದವರು ಚೆದುರಿದ್ದರು. ಗುಬ್ಬಿ ಡಾಕ್ಟರ ಮನೆಯಲ್ಲಿದ್ದಳು. ಗೇಟಿನ ಮುಂದೆ ಅವಳು ಎಂದೂ ಕೂಗಿದವಳಲ್ಲ, ಹಿಂದೆ ಕೂತು ತಾಯಂದಿರಿಗೆ ರಕ್ತಪರೀಕ್ಷೆಯ ಚೀಟಿ ಬರೆದುಕೊಡುತ್ತಿದ್ದಳು. ಬೆಲ್ಟಿನ ಕಣ್ಣಿಗೆ ಅವಳು ಬಿದ್ದೇ ಇರಲಿಲ್ಲ.

ಹದಿನೇಳನೇ ದಿನ ಬೆಳಗ್ಗೆ ಹನ್ನೊಂದಕ್ಕೆ ಬೆಲ್ಟು ಲೈಬ್ರರಿಗೆ ಬಂದ. ಹಿಂದೆ ನಿರ್ದೇಶಕ. ಹಲಗೆಯ ಮುಂದೆ ನಿಂತು ಬೆಲ್ಟು ಕತ್ತು ವಾಲಿಸಿದ.

“ಏನಮ್ಮ ಇದು? ಯಾರಿಗೆ ಬಲೆ ಹೆಣೆದಿದ್ದೀಯ?”

“ಬಲೆ ಅಲ್ಲ ಸರ್. ಯಾರು ಯಾರ ಜೊತೆ ಸೇರಿ ಬರೆದಿದ್ದಾರೆ ಅನ್ನೋದು.”

“ಹೇಳು, ನನಗೂ ತಿಳೀಲಿ.”

ಅಷ್ಟು ವರ್ಷದಲ್ಲಿ ಅವಳನ್ನು ಹೀಗೆ ಕೇಳಿದವರು ಒಬ್ಬರೂ ಇಲ್ಲ. ಅವಳ ನಾಲಿಗೆ ನಿಲ್ಲಲಿಲ್ಲ. ಏಣಿ ಹತ್ತಿದಳು, ಕೋಲು ಹಿಡಿದು ತೋರಿಸಿದಳು, ಇದು ಮಣ್ಣು, ಇದು ನೀರು, ಇದು ಆಸ್ಪತ್ರೆ ಎಂದಳು. ಮಾಡಿದ ಕೆಲಸಕ್ಕೆ ಕಡೆಗೂ ಒಬ್ಬ ಗಿರಾಕಿ ಸಿಕ್ಕ ಖುಷಿ. “ಅರ್ಧ ಗಂಟೆ ಪಾಠ ಮಾಡಿದೆ ಕಣಪ್ಪ, ನನ್ನ ಬಾಯಿಗೆ ಬೆಂಕಿ ಹಾಕ” ಎಂದು ಆಮೇಲೆ ನನ್ನೆದುರು ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಿದ್ದಾಳೆ.

ಬೆಲ್ಟು ಕೇಳಿದ, “ಎಲ್ಲಕ್ಕಿಂತ ಹೆಚ್ಚು ದಾರ ಇರೋ ಮೊಳೆ ಯಾವುದು?”

ಅವಳು ನಕ್ಕಳು. “ಅದು ನಮ್ಮ ತಮ್ಮಂದು ಸರ್. ಆ ಮೊಳೆ ಕಾಣ್ಸೋದೇ ಇಲ್ಲ ನೋಡಿ, ದಾರದ ಮುದ್ದೆ ಆಗಿದೆ.”

“ಮಣ್ಣಿಗೂ ಹೋಗ್ತಿದೆ. ನೀರಿಗೂ ಹೋಗ್ತಿದೆ. ಆಸ್ಪತ್ರೆಗೂ ಹೋಗ್ತಿದೆ. ಎಲ್ಲರನ್ನೂ ಕಟ್ಟಿ ಹಾಕಿರೋನು ಇವನೇ.”

ನಗು ಅವಳ ಮುಖದ ಮೇಲೆ ಹಾಗೇ ಒಣಗಿತು. “ಅಯ್ಯೋ ಇಲ್ಲ ಸರ್, ಅವನು ಯಂತ್ರ ನಡೆಸೋನು ಅಷ್ಟೇ. ಸುತ್ತೋಲೆ ಇದೆ. ಸಾಹೇಬರನ್ನೇ ಕೇಳಿ, ಅವರಿಗೂ ಗೊತ್ತು.”

ನಿರ್ದೇಶಕನಿಗೆ ಗೊತ್ತಿತ್ತು. ಅವನ ಪ್ರಬಂಧಗಳಲ್ಲೂ ಮಿಷನ್ ಹೆಸರಿತ್ತು. ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ, ಎದುರಿಗೆ ಹಿಡಿದು ನೋಡಿದ, ಮತ್ತೆ ಒರೆಸಿದ. ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ.

ಮಧ್ಯಾಹ್ನ ಒಂದೂವರೆಗೆ ತಮ್ಮನ ಹೆಂಡತಿ ಬರಿಗಾಲಲ್ಲಿ ಓಡಿ ಬಂದಳು. “ಅತ್ತಿಗೆ, ಅವರನ್ನ ಊಟದ ತಟ್ಟೆ ಮುಂದಿನಿಂದ ಎಳ್ಕೊಂಡು ಹೋದ್ರು. ಕೈ ತೊಳೆಯೋಕೂ ಬಿಡ್ಲಿಲ್ಲ. ಏನ್ ಮಾಡಿದ್ರು ಅಂತ ಅವರು?”

“ಅವನೇನೂ ಮಾಡಿಲ್ಲ. ನಾನು ಮಾಡಿದ್ದು” ಎಂದು ದಾರದಕ್ಕ ಗಾರ್ಡ್ ರೂಮಿಗೆ ನಡೆದಳು.

ಅವಳು ಬಾಗಿಲಲ್ಲಿ ನಿಂತಾಗಲೇ ಆ ಒದೆತ ಬಿತ್ತು. ಮುರಿಯುವ ಸದ್ದು ಕೇಳಿಸಲಿಲ್ಲವಂತೆ, ಬಾಗಿಲು ಬಡಿದ ಸದ್ದಷ್ಟೇ. ತಮ್ಮನ ಬಾಯಿಂದ ಇನ್ನೂ ನುಂಗಿರದ ಅನ್ನ ಹೊರಗೆ ಬಂತು. ಬೆರಳುಗಳು ಉಲ್ಟಾ ಮಡಚಿಕೊಂಡಿದ್ದವು. ಅಂಗಿ ಹರಿದಿತ್ತು, ಬೆನ್ನಿನ ಮೇಲೆ ಬೆಲ್ಟಿನ ಬಕ್ಕಲಿನ ಚೌಕ ಗುರುತುಗಳು, ಒಂದರ ಪಕ್ಕ ಒಂದು.

ಅವಳು ಕೂಗಾಡಲಿಲ್ಲ. ಕೂಗಾಡಿದರೆ ಹೊರಗೆ ತಳ್ಳುತ್ತಾರೆ ಎಂಬಷ್ಟು ಬುದ್ಧಿ ಇತ್ತು. “ಸರ್, ಹಲಗೆ ಓದೋದು ಹಾಗಲ್ಲ. ಅದರಲ್ಲಿ ಇರೋದೆಲ್ಲ ಇವತ್ತಿಂದಲ್ಲ. ವರ್ಷವರ್ಷದ್ದೂ ನನ್ನ ಹತ್ರ ಬರೆದಿಟ್ಟಿದೆ. ತರ್ತೀನಿ, ನೋಡಿ. ನೋಡಿದ ಮೇಲೆ ಮಾತಾಡಿ.”

ಬೆಲ್ಟು ಕುಂಟ ಗಾರ್ಡೊಬ್ಬನನ್ನು ಜೊತೆಗೆ ಕಳಿಸಿದ. ಅವಳು ಹಳೆಯ ರಿಜಿಸ್ಟರು ತಂದು ಮೇಜಿನ ಮೇಲೆ ಬಿಚ್ಚಿದಳು. ಎಡಕ್ಕೆ ತಮ್ಮ ನೆಲದ ಮೇಲೆ ಕೂತು ಮುರಿದ ಕೈಯನ್ನು ಇನ್ನೊಂದು ಕೈಯಿಂದ ಎತ್ತಿ ಹಿಡಿದಿದ್ದ. ಬಲಕ್ಕೆ ಬೆಲ್ಟು. ಅವಳು ಹಾಳೆ ತಿರುವಿದಳು. “ಇದು ಮಣ್ಣಿನ ಗುಂಪು. ಈ ವರ್ಷ ಎಷ್ಟು ದಟ್ಟ ಇದೆ ನೋಡಿ. ಇದು ಮುಂದಿನ ವರ್ಷ, ಮಧ್ಯ ತೆಳ್ಳಗಾಗಿದೆ. ಇಲ್ಲಿ ಎರಡು ಹೋಳು. ಇಲ್ಲಿ ಏನೂ ಇಲ್ಲ. ಹಲಗೆ ಮೇಲೆ ಈಗ್ಲೂ ದಪ್ಪ ಕಾಣುತ್ತೆ, ಆದ್ರೆ ಸತ್ತ ದಾರ ಸರ್ ಅದು. ನಮ್ಮ ತಮ್ಮನ್ನ ನೋಡಿ, ಎಲ್ಲಾ ವರ್ಷವೂ ಎಲ್ಲರ ಹತ್ರಾನೂ ಒಂದೇ ಸಮ. ಬಸ್ ಕಂಡಕ್ಟರ್ ಇದ್ದ ಹಾಗೆ. ಎಲ್ಲರ ಕೈಗೂ ಟಿಕೆಟ್ ಕೊಟ್ಟಿರ್ತಾನೆ, ಯಾರ ನೆಂಟನೂ ಅಲ್ಲ.”

ಬೆಲ್ಟು ದಡ್ಡನಲ್ಲ. ಅದೇ ಕೆಟ್ಟದ್ದಾಯಿತು. ಹಾಳೆಗಳನ್ನು ತಾನೇ ಹಿಂದೆ ಮುಂದೆ ತಿರುವಿದ. ಅರ್ಥವಾದಂತೆ ಮುಖ ಅರಳಿತು. “ಇದು ಬಹಳ ಚೆನ್ನಾಗಿದೆ. ಅಂದ್ರೆ ಗುಂಪು ಯಾವಾಗ ಹುಟ್ತು, ಯಾರಿಂದ ಹುಟ್ತು ಎಲ್ಲಾ ಗೊತ್ತಾಗುತ್ತೆ. ಸರಿ, ನಿನ್ನ ತಮ್ಮ ಅಲ್ಲ, ಒಪ್ಪಿದೆ. ಕೊನೇ ಮೂರು ವರ್ಷದ್ದು ತೋರಿಸು.”

ಕೊನೆಯ ಮೂರು ವರ್ಷದ ಹಾಳೆಗಳು ಹೊಸ ರಿಜಿಸ್ಟರಿನಲ್ಲಿದ್ದವು. ಅವನ್ನು ಓದಲು ಪಾಠವೂ ಬೇಕಿರಲಿಲ್ಲ. ಮೂರು ಹಾಳೆ ಪಕ್ಕಪಕ್ಕ ಇಟ್ಟರೆ ಎಲ್ಲ ಗೆರೆಗಳೂ ಒಂದೇ ಹೆಸರಿನಿಂದ ಹೊರಟಿದ್ದವು.

“ಅಕ್ಕ, ತಂದು ಕೊಡು” ಎಂದ ತಮ್ಮ ನೆಲದಿಂದ. “ಬೇಗ ತಂದು ಕೊಡಕ್ಕ.”

ಮತ್ತೆ ಕುಂಟ ಗಾರ್ಡು ಜೊತೆಗೆ ಬಂದ. ಗೇಟಿನ ಕಡೆಯಿಂದ ಘೋಷಣೆ ಕೇಳುತ್ತಿತ್ತು, ಬಿಸಿಲು ಸುಡುತ್ತಿತ್ತು. ಆ ಇನ್ನೂರು ಹೆಜ್ಜೆಗಳಲ್ಲಿ ಏನು ಯೋಚಿಸಿದಿರಿ ಎಂದು ನಾನು ಆಮೇಲೆ ಕೇಳಿದ್ದೆ. “ಏನೂ ಇಲ್ಲ. ಇವನಿಗೆ ಇನ್ನೊಂದು ಕೈ ಇದೆ, ಆ ಹುಡುಗಿಗೆ ಕತ್ತು ಒಂದೇ ಇದೆ ಅಂತ ಬಂತು ತಲೆಗೆ. ಅಷ್ಟರಲ್ಲಿ ಶೆಡ್ಡು ಬಂತು.” ರಿಜಿಸ್ಟರು ಎತ್ತಿಕೊಂಡು ಗಾರ್ಡಿಗೆ ಹೇಳಿದಳು, “ಹೊಲಿಗೆ ಬಿಚ್ಚಬೇಕಪ್ಪ, ಇಲ್ಲಾಂದ್ರೆ ಹಾಳೆ ಪಕ್ಕಪಕ್ಕ ಇಡೋಕಾಗಲ್ಲ.” ಗಾರ್ಡು ತಲೆಯಾಡಿಸಿ ಬೀಡಿ ಹಚ್ಚಿದ. ಅವಳು ರಿಜಿಸ್ಟರನ್ನು ಕತ್ತರಿಸುವ ಯಂತ್ರದ ಬಾಯಿಗಿಟ್ಟು ಹಿಡಿ ಎಳೆದಳು. ಸರಿಸಿ ಮತ್ತೆ ಎಳೆದಳು. ಉಗುರಿನಗಲ, ಉಗುರಿನಗಲ. ಗಾರ್ಡು ತಿರುಗಿ ನೋಡುವಷ್ಟರಲ್ಲಿ ಚೂರುಗಳನ್ನು ಬಾಚಿ ಅಂಟಿನ ಬಕೆಟ್ಟಿಗೆ ಸುರಿದು ಮೊಣಕೈವರೆಗೆ ಕೈ ಹಾಕಿ ಕಲಸುತ್ತಿದ್ದಳು.

“ಏನಮ್ಮ ಮಾಡ್ದೆ! ನನ್ನ ಕೆಲಸ ಹೋಯ್ತಲ್ಲಮ್ಮ!”

“ಅಂಟು ನೀರಾಗಿತ್ತು. ಗಟ್ಟಿ ಮಾಡ್ದೆ.”

ಗಾರ್ಡ್ ರೂಮಿಗೆ ಅವಳು ಮರಳಿದ್ದು ಮೊಣಕೈಯಿಂದ ತೊಟ್ಟಿಕ್ಕುವ ಅಂಟಿನೊಂದಿಗೆ, ಕೂದಲು ಹಿಡಿಸಿಕೊಂಡು. ಬೆಲ್ಟು ಸಂಗತಿ ಕೇಳಿದ. ಆಮೇಲೆ ಮೃದುವಾಗಿ ಹೇಳಿದ, “ಹಾಳೆ ಹೋದ್ರೆ ಹೋಗ್ಲಿ. ನಿನ್ನ ತಲೇಲಿ ಇದೆಯಲ್ಲ. ಬಾಯಲ್ಲಿ ಹೇಳು.” ತಮ್ಮನ ಎಡಗೈಯನ್ನು ಎಳೆದು ಬೀರುವಿನ ಸಂದಿಗಿಟ್ಟರು.

ತಮ್ಮ ಕಿರುಚಿದ. “ಯಾರು ಅಂತ ಹೇಳಕ್ಕ! ನಿಂಗೆ ಗೊತ್ತು! ನಿನ್ನ ಮುಖ ನೋಡಿದ್ರೆ ಗೊತ್ತಾಗುತ್ತೆ ನಂಗೆ, ಹೇಳೇ!”

ಅವಳು ಬಾಯಿ ತೆರೆದಳು. ತೆರೆದದ್ದು ನಿಜ, ಅದನ್ನೂ ಅವಳೇ ಹೇಳಿದ್ದು. ಹೆಸರಿನ ಮೊದಲ ಅಕ್ಷರ ತುಟಿಯ ಮೇಲಿತ್ತು. ಬಾಗಿಲ ಬಳಿ ನಿಂತಿದ್ದ ಗಾರ್ಡು ಬೂಟಿನ ಮಣ್ಣನ್ನು ನೆಲಕ್ಕೆ ತಿಕ್ಕಿ ಒದೆಯಲು ಅನುವಾಗುತ್ತಿದ್ದ. ಅದನ್ನು ನೋಡಿದಳು, ತುಟಿ ಕಚ್ಚಿಕೊಂಡಳು.

“ಗೊತ್ತಿಲ್ಲ” ಎಂದಳು.

ಎರಡನೇ ಒದೆತಕ್ಕೆ ಹೆಬ್ಬೆರಳು ಚರ್ಮದಲ್ಲಿ ನೇತಾಡಿತು. ತಮ್ಮ ಈ ಸಲ ಕೂಗಲಿಲ್ಲ, ಅಕ್ಕನನ್ನೇ ನೋಡಿದ, ನೋಡುತ್ತಲೇ ಕಣ್ಣು ಮೇಲೆ ಮಾಡಿದ. ಮೇಜಿನ ಮೇಲೆ ಕಾಗದಕ್ಕೆ ತೂತು ಹೊಡೆಯುವ ಕಬ್ಬಿಣದ ಪಂಚಿಂಗ್ ಮಿಷನ್ ಇತ್ತು, ಕಲ್ಲಿನಂತೆ ಭಾರದ್ದು. ದಾರದಕ್ಕ ಅದನ್ನೆತ್ತಿ ಬೆಲ್ಟಿನ ಬಾಯಿಗೆ ಬಾರಿಸಿದಳು. ಅವನು ಬಿದ್ದ ಮೇಲೂ ಎದೆಯ ಮೇಲೆ ಕೂತು ಎರಡು ಸಲ ಬಾರಿಸಿದಳು. ಅವನ ಮೂರು ಹಲ್ಲು ಹೋದವು, ಕೆಳದವಡೆ ಸೀಳಿತು. ಆಮೇಲೆ ಐದಾರು ಬೂಟುಗಳು ಅವಳ ಮೇಲೆ ಬಿದ್ದವು. ಪಕ್ಕೆಯ ನಾಲ್ಕು ಎಲುಬು ಮುರಿದವು. ಬಲಗಿವಿ ಇವತ್ತಿಗೂ ಕೇಳುವುದಿಲ್ಲ. ಹದಿನಾಲ್ಕು ತಿಂಗಳು ಜೈಲು.

ಮಾರನೇ ದಿನ ಬೆಳಗ್ಗೆ ಹತ್ತು ಗಂಟೆಗೆ ಗುಬ್ಬಿ ತಾನಾಗಿಯೇ ಗೇಟಿಗೆ ಬಂದಳು. ಮಿಷನ್ ಕೈ ಮುರಿದ ಸುದ್ದಿ ಡಾಕ್ಟರಿಗೆ ಆಸ್ಪತ್ರೆಯಲ್ಲೇ ಗೊತ್ತಾಗಿತ್ತು. ಅವರಿಂದ ಅದನ್ನು ಕೇಳಿದ ಗುಬ್ಬಿ ಏಳೆಂಟು ಪತ್ರಿಕೆಯವರನ್ನು ಜೊತೆಗೆ ಕರೆತಂದು, “ಇವರನ್ನೆಲ್ಲ ಸೇರಿಸಿದ್ದು ನಾನು, ಪ್ರಬಂಧ ಶುರುಮಾಡಿದ್ದು ನಾನು, ಗೇಟಿನ ಮುಂದೆ ಕೂರೋಣ ಅಂದಿದ್ದೂ ನಾನು. ಹಿಡ್ಕೊಳ್ಳಿ” ಎಂದು ಎರಡೂ ಕೈ ಚಾಚಿದಳು. ಕ್ಯಾಮೆರಾಗಳ ಮುಂದೆ ಅವಳನ್ನು ಮುಟ್ಟಲು ಯಾರಿಗೂ ಧೈರ್ಯವಾಗಲಿಲ್ಲ. ಪೊಲೀಸ್ ಜೀಪಿನಲ್ಲಿ ಕೂರಿಸಿಕೊಂಡು ಹೋದರು, ಹನ್ನೊಂದನೇ ದಿನ ಬಿಟ್ಟರು. ಮೈಮೇಲೆ ಒಂದು ಗೀರೂ ಇರಲಿಲ್ಲ.

ತಮ್ಮನ ಲೆಕ್ಕ ಸರಳ. ಇಪ್ಪತ್ತು ಗಂಟೆ. ಇಪ್ಪತ್ತು ಗಂಟೆಯ ನಂತರ ಜಗತ್ತಿಗೇ ಗೊತ್ತಾಗುವ ಹೆಸರೊಂದನ್ನು ಬಚ್ಚಿಡಲು ಅಕ್ಕ ಅವನ ಎಡಗೈ ಕೊಟ್ಟಳು. ತಾನು ಬರುತ್ತಿದ್ದೇನೆಂದು ಗುಬ್ಬಿ ಯಾರಿಗೂ ಹೇಳಿರಲಿಲ್ಲ. ಆ ಮಧ್ಯಾಹ್ನವೇ ಅವಳು ಸಿಕ್ಕಿದ್ದರೆ, ಆ ಕೋಣೆಯಲ್ಲಿ, ಕ್ಯಾಮೆರಾ ಇಲ್ಲದ ಕಡೆ, ಅಕ್ಕನ ಮಗನ ಕಣ್ಣು ಕಳೆದುಕೊಂಡ ಬೆಲ್ಟಿನ ಕೈಗೆ? ಸಾಯುತ್ತಿದ್ದಳು ಎಂದು ನಮ್ಮವರು ಸಭೆಗಳಲ್ಲಿ ಹೇಳುತ್ತಾರೆ. ನನಗೆ ಗೊತ್ತಿಲ್ಲ. ಹೇಳುವವರಿಗೂ ಗೊತ್ತಿಲ್ಲ.

ಅವಳು ಜೈಲಿನಿಂದ ಬಂದ ದಿನ ನಾವು ಹಾರ ಹಿಡಿದು ನಿಂತಿದ್ದೆವು. ಕೊರಳಿಗೆ ಹಾಕಲು ಬಿಡಲಿಲ್ಲ. “ನಿಮಗೋಸ್ಕರ ಮಾಡಿಲ್ಲ ನಾನು. ನನ್ನ ಹಾಳೆ ನೋಡ್ಕೊಂಡು ಇನ್ನೊಬ್ಬರ ಮೂಳೆ ಮುರೀಬಾರ್ದು ಅನ್ನಿಸ್ತು. ಅವನ ಮೂಳೆ ಅಂತೂ ಮುರಿದಾಗಿತ್ತು.” ಒಂದು ಹೆಜ್ಜೆ ಹೋಗಿ ತಿರುಗಿ, “ಹದಿನಾಲ್ಕು ತಿಂಗಳಲ್ಲಿ ನಿಮ್ಮಲ್ಲಿ ಯಾರಾದ್ರೂ ಅವನ ಮನೆಗೆ ಹೋಗಿ ಒಂದು ಲೋಟ ನೀರು ಕುಡಿಸಿದ್ರಾ?” ಎಂದು ಕೇಳಿದಳು. ಯಾರೂ ಹೋಗಿರಲಿಲ್ಲ. ನಾನೂ.

ಕಾರ್ಖಾನೆ ಎಂಟು ತಿಂಗಳು ಮುಚ್ಚಿ, ಬೇರೆ ಹೆಸರಿನ ಬೋರ್ಡು ಹಾಕಿಕೊಂಡು ತೆರೆಯಿತು. ನಿರ್ದೇಶಕ ಇನ್ನೂ ಮೇಲಿನ ಕುರ್ಚಿಗೆ ಹೋದ. ಗುಬ್ಬಿಯ ಗುಂಪು ಎರಡು ವರ್ಷ ಇನ್ನಷ್ಟು ಬರೆಯಿತು. ಮೂರನೇ ವರ್ಷ ಅವಳಿಗೂ ಡಾಕ್ಟರಿಗೂ ಆಗಲಿಲ್ಲ. ಮಕ್ಕಳ ರಕ್ತದ ಅಂಕಿಗಳು ಯಾರ ಸ್ವತ್ತು ಎಂದು ವಕೀಲರ ನೋಟಿಸು ಹೋಗಿ ಬಂತು. ನೀರಿನವರು ನೀರಿಗೆ ಹೋದರು. ಮಣ್ಣಿನಿಂದ ಬಂದವರಲ್ಲಿ ಇಬ್ಬರು, ಎಲ್ಲರನ್ನೂ ಬಿಟ್ಟು, ಹಿರೇಮಣ್ಣಿನ ಕಾಲು ಹಿಡಿದು ಒಳಗೆ ಸೇರಿಕೊಂಡರು. ಹನ್ನೊಂದು ಜನರಲ್ಲಿ ಇವತ್ತು ಒಂದೇ ಹಾಳೆಯ ಮೇಲೆ ಹೆಸರು ಹಾಕುವ ಇಬ್ಬರೂ ಇಲ್ಲ. ಈ ಸುದ್ದಿ ತಂದುಕೊಟ್ಟಾಗ ದಾರದಕ್ಕನಿಗೆ ಆಶ್ಚರ್ಯವಾಗಲಿಲ್ಲ. “ಆರು ವರ್ಷ. ನಾನು ನೋಡಿದ್ರಲ್ಲಿ ಇದಕ್ಕಿಂತ ಹೆಚ್ಚು ಬಾಳಿದ್ದು ಮೂರೇ ಗುಂಪು. ಅವರೇನು ಮೋಸ ಮಾಡ್ಲಿಲ್ಲ, ಆಯಸ್ಸು ಮುಗೀತು” ಎಂದಳು. ಅವಳ ಕೆಲಸ ಹೋಗಿತ್ತು. ಹಲಗೆಯ ಬಗ್ಗೆ ಕೇಳಲೂ ಇಲ್ಲ.

ತಮ್ಮನ ಬಲಗೈ ಬೆರಳುಗಳು ಸೊಟ್ಟಗೆ ಕೂಡಿಕೊಂಡವು. ಎಡಗೈ ಹೆಬ್ಬೆರಳು ಕತ್ತರಿಸಿದರು. ಕೂದಲೆಳೆಯಷ್ಟು ತಿರುಗಿಸುವ ಗುಂಡಿಗಳನ್ನು ಮುಟ್ಟುವುದಿರಲಿ, ಅಂಗಿಯ ಗುಂಡಿಯೂ ಹಾಕಿಕೊಳ್ಳಲಾರ. ಮೊದಲ ವರ್ಷ ಅಕ್ಕ ಮನೆಗೆ ಬಂದರೆ ತಟ್ಟೆ ಒದೆಯುತ್ತಿದ್ದ. ಒಂದು ಸಲ ಆ ಸೊಟ್ಟ ಕೈಯಿಂದಲೇ ಅವಳ ಕೆನ್ನೆಗೆ ಹೊಡೆದು, ತನಗೇ ನೋವಾಗಿ ನೆಲಕ್ಕೆ ಕೂತು ಅತ್ತ. ಅವಳು ಅಂದೂ ಅನ್ನ ಬೇಯಿಸಿಟ್ಟೇ ಹೋದಳು. ಅವನ ಹೆಂಡತಿ ಈಗ ಹೊಲಿಗೆ ಅಂಗಡಿಗೆ ಕೆಲಸಕ್ಕೆ ಹೋಗುತ್ತಾಳೆ, ಬೆಳಗಿನ ಹೊತ್ತು ಮನೆಯಲ್ಲಿ ಇವರಿಬ್ಬರೇ.

ಕಳೆದ ವಾರ ನಾನು ಹೋದಾಗ ಅವಳು ಅವನಿಗೆ ಗಡ್ಡ ಹೆರೆಯುತ್ತಿದ್ದಳು. ಹಿತ್ತಲ ಕಲ್ಲಿನ ಮೇಲೆ ಕೂರಿಸಿ, ಗಲ್ಲ ಹಿಡಿದು ಮುಖ ಮೇಲೆತ್ತಿ, ಬ್ಲೇಡು ಗಂಟಲ ಮೇಲೆ ಇಟ್ಟಿದ್ದಳು. ನಾನು ಅಲ್ಲೇ ನಿಂತೆ.

“ಕುಯ್ದುಬಿಡು” ಎಂದ ಅವನು. “ಒಂದ್ಸಲ ನನ್ನ ಕೈ ಕೊಟ್ಟೆ, ಕತ್ತೂ ಕೊಟ್ಬಿಡು ಯಾರಿಗಾದ್ರೂ.”

“ಮಾತಾಡ್ಬೇಡ, ಗಂಟಲು ಅಲ್ಲಾಡುತ್ತೆ.”

“ಹೇಳ್ಬಹುದಿತ್ತು ನೀನು.”

“ಹೇಳ್ಬಹುದಿತ್ತು.”

“ಮತ್ತೆ?”

“ಹೇಳ್ಲಿಲ್ಲ. ಮುಖ ಈ ಕಡೆ ತಿರುಗಿಸು, ಇನ್ನೊಂದು ಕೆನ್ನೆ ಇದೆ.”

ಅವನು ಹಲ್ಲು ಕಚ್ಚಿಕೊಂಡು, ಒಂದು ಕೆಟ್ಟ ಬೈಗುಳ ಬೈದು, ಮುಖ ತಿರುಗಿಸಿದ.